ಹೆಪ್ಪಿನೊಳಗಿನ ಚಕ್ರಬಡ್ಡಿ

ಸಂಜೆ ಹೊತ್ತು ಮುಳುಗುವ ಮೊದಲು ಅವ್ವ ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರು ಬೆರೆಸಿ ಮುಚ್ಚಿಡುತ್ತಾಳೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಗಟ್ಟಿ ಮೊಸರು! ನಾವು ಹೆಪ್ಪು ಎನ್ನುವುದನ್ನು ಸೋಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳು ಮರಾಠಿ ಗೆಳೆಯರ ಮನೆಯಲ್ಲಿ 'ವಿರಜಣ' ಎಂದು ಕೇಳಿರುತ್ತೀರಿ. ಹೆಸರು ಯಾವುದಾದರೇನು, ಪಾತ್ರೆಯೊಳಗೆ ನಡೆಯುವ ಕೆಲಸ ಒಂದೇ. ಅದೇ ಹುದುಗುವಿಕೆ.

ಒಂದು ಚಮಚ ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅವುಗಳ ಆಹಾರ. ಅದನ್ನು ಅವು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಮೊಸರಿನ ಹುಳಿ ಇದೇ. ಹುಳಿ ಹೆಚ್ಚಿದಂತೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿಕೊಂಡು ಬಲೆಯಾಗುತ್ತದೆ. ನೀರು ಆ ಬಲೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಹಾಲು ಗಟ್ಟಿಯಾಗುತ್ತದೆ. ಹಾಲು ಹುಳಿಯಾಗಲು ಸೂಕ್ಷ್ಮಜೀವಿಗಳೇ ಕಾರಣವೆಂದು 1857ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ತೋರಿಸಿಕೊಟ್ಟರು.

ವ್ಯಾಪಾರಸ್ಥರ ಮನೆಯ ಮಕ್ಕಳಿಗೆ ಚಕ್ರಬಡ್ಡಿ ಹೊಸದಲ್ಲ. ಒಂದು ಬ್ಯಾಕ್ಟೀರಿಯಾ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದು ಲೆಕ್ಕ ಹಿಡಿಯಿರಿ. ಒಂದು ಎರಡಾಗಿ, ಎರಡು ನಾಲ್ಕಾಗಿ, 10 ಗಂಟೆಯಲ್ಲಿ 1024 ಆಗುತ್ತದೆ! ಇದಕ್ಕೆ ಉಗುರುಬೆಚ್ಚಗಿನ, ಸುಮಾರು 40 ಡಿಗ್ರಿ ಬಿಸಿ ಬೇಕು. ಚಳಿಯಲ್ಲಿ ಕೆಲಸ ನಿಧಾನ. ಬೇಸಿಗೆಯಲ್ಲಿ ಮೊಸರು ಬೇಗ ಆಗಿ, ಬೇಗ ಹುಳಿಯೂ ಆಗುತ್ತದೆ. ಕುದಿಯುವ ಹಾಲಿಗೆ ಮಾತ್ರ ಹೆಪ್ಪು ಹಾಕಬಾರದು. ಮೊಸರೂ ಆಗದು, ಜೀವಗಳಿಗೂ ಕೇಡು.

ಇಡ್ಲಿ ಹಿಟ್ಟು ಉಬ್ಬುವುದೂ ಹೀಗೆಯೇ. ಅಲ್ಲಿ ಆಮ್ಲದ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಅನಿಲವೂ ಹುಟ್ಟಿ ಹಿಟ್ಟನ್ನು ಮೇಲಕ್ಕೆತ್ತುತ್ತದೆ. ಸುಮಾರು 10ನೆಯ ಶತಮಾನದ ನಮ್ಮ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ತಿಂಡಿಯ ಹೆಸರಿದೆ ಎಂಬುದು ನಿಮಗೆ ಗೊತ್ತೇ? ಇನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿಯೂ ಮಾಡಬಲ್ಲದು. ಹಣ್ಣಿನ ರಸ ಬಹಳ ಹೊತ್ತು ಇಟ್ಟರೆ ಕೆಡುವುದು ಹಲವು ವೇಳೆ ಇದರಿಂದಲೇ.

ಈಗ ನೀವು ಕೇಳುವ ಪ್ರಶ್ನೆ ಗೊತ್ತು: "ಮೊಸರಿನಲ್ಲಿ ಜೀವಗಳಿದ್ದರೆ ನಾವೇಕೆ ತಿನ್ನುತ್ತೇವೆ?"

ತಂದೆ ತಾಯಂದಿರೇ, ಈ ಪ್ರಶ್ನೆ ಕೇಳಿದ ಮಗುವನ್ನು "ಸುಮ್ಮನಿರು" ಎಂದು ಗದರಿಸಬೇಡಿ. ಅಹಿಂಸೆ ಮನಸ್ಸಿಗೆ ಇಳಿದಿರುವುದರಿಂದಲೇ ಅದು ಕೇಳುತ್ತಿದೆ. ತಾಜಾ ಮೊಸರಿನಲ್ಲಿಯೂ ಸೂಕ್ಷ್ಮಜೀವಿಗಳಿವೆ ಎಂದು ವಿಜ್ಞಾನ ಹೇಳುತ್ತದೆ. ಅದನ್ನು ಮುಚ್ಚಿಡುವುದು ಬೇಡ. ಗೃಹಸ್ಥನಿಂದ ಸೂಕ್ಷ್ಮ ಹಿಂಸೆಯನ್ನು ಪೂರ್ತಿ ಬಿಡಲಾಗದು, ಆದರೆ ಮಿತಿ ಹಾಕಿಕೊಳ್ಳಬಹುದು. ಆ ಮಿತಿಯೇ ಮರ್ಯಾದೆ. ದಿಗಂಬರ ಪರಂಪರೆಯಲ್ಲಿ ಹಾಲನ್ನು ಕರೆದ 48 ನಿಮಿಷದೊಳಗೆ ಕಾಯಿಸಬೇಕು. ಮೊಸರಿಗೆ ಎಂಟು ಪ್ರಹರ, ಅಂದರೆ 24 ಗಂಟೆಯ ಮರ್ಯಾದೆ. ರಸತ್ಯಾಗದ ದಿನ ಮೊಸರನ್ನೇ ಬಿಡುವವರೂ ಇದ್ದಾರೆ. ಹೊತ್ತು ಕಳೆದಷ್ಟೂ ಚಕ್ರಬಡ್ಡಿ ಬೆಳೆಯುತ್ತದೆ ಎಂಬ ಮೇಲಿನ ಲೆಕ್ಕವನ್ನು ನೆನೆದರೆ, ಹಿರಿಯರು ಹೊತ್ತನ್ನೇ ಏಕೆ ಅಳತೆಗೋಲು ಮಾಡಿದರೆಂದು ಮಗುವಿಗೂ ತಿಳಿಯುತ್ತದೆ.

ರಾತ್ರಿ ನೆನೆದ ಹಿಟ್ಟು ಬಳಸದ ಮನೆಯಲ್ಲಿ ಮಕ್ಕಳು ಇಡ್ಲಿಗೆ ಹಟ ಹಿಡಿದರೆ ಗೋಧಿ ರವೆಗೆ ಅಂದಿನ ಮೊಸರು, ಉಪ್ಪು ಕಲಸಿ, ಬೇಯಿಸುವ ಮುನ್ನ ಚಿಟಿಕೆ ಅಡಿಗೆ ಸೋಡಾ ಹಾಕಿರಿ. ಮೊಸರಿನ ಹುಳಿ ಮತ್ತು ಸೋಡಾ ಕೂಡಿದಾಗ ಅದೇ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಇಡ್ಲಿ ಉಬ್ಬುತ್ತದೆ, ರಾತ್ರಿಯಿಡೀ ಕಾಯಬೇಕಿಲ್ಲ. ಒಗ್ಗರಣೆಗೆ ಬೇಳೆ ಬೇಡ, ದ್ವಿದಳ ದೋಷ ತಪ್ಪುತ್ತದೆ.

ಪುಟಾಣಿಗಳೇ, ಇಂದಿನಿಂದ ನಿಮಗೊಂದು ಕೆಲಸ. ಅಂಗಡಿಯ ಜಮಾಖರ್ಚಿನಂತೆ ಒಂದು ಚೀಟಿಯಲ್ಲಿ ಹೆಪ್ಪು ಹಾಕಿದ ಹೊತ್ತನ್ನು ಬರೆದು ಮೊಸರಿನ ಪಾತ್ರೆಯ ಪಕ್ಕದಲ್ಲಿಡಿ. ಅವಧಿ ಮುಗಿಯುವುದರೊಳಗೆ ಅದನ್ನು ಮಜ್ಜಿಗೆ ಮಾಡಿಸಿ, ಮನೆಯವರೆಲ್ಲರಿಗೂ ಹಂಚಿರಿ.