ವಕೀಲರ ಕಚೇರಿಯ ಮೂರು ವಹಿಗಳು

ನಾಶಿಕದಲ್ಲಿ ಕ್ರೈಸ್ತ ಮನೆತನದಲ್ಲಿ ಜನಿಸಿದ ಕಾರ್ನೇಲಿಯಾ ಸೊರಾಬಜಿಯವರು 1892ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ಕಾಯಿದೆಯ ಪರೀಕ್ಷೆಗೆ ಕುಳಿತರು. ಆದರೆ ಹಿಂದೂಸ್ಥಾನದ ಸ್ತ್ರೀಯರಿಗೆ ವಕೀಲಿಯ ಬಾಗಿಲು ತೆರೆದದ್ದು 1923ರ ಕಾಯಿದೆಯಿಂದ. ಇಂದು ಕೊಕಟನೂರಿನ ಹುಡುಗಿಯೂ ಅಥಣಿಯಲ್ಲಿ ತನ್ನದೇ ವಕೀಲಿ ಕಚೇರಿಯನ್ನು ನಡಿಸಬಹುದು. ಅಂಥ ಕಚೇರಿಯು ನಿಲ್ಲುವದು ವಾಕ್ಚಾತುರ್ಯದಿಂದಲ್ಲ, ಮೂರು ವಹಿಗಳಿಂದ.

ಮೊದಲನೆಯದು ತಾರೀಖಿನ ವಹಿ. ದಿವಾಣಿ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು ಮಾಡಲು 30 ದಿನ, ಹಾಯಕೋರ್ಟಿಗೆ 90 ದಿನಗಳ ಮುದತು ಇರುವದು. ಅದು ತಪ್ಪಿದರೆ ಬಡ ಒಕ್ಕಲಿಗನ ಹೊಲವೇ ಹೋದೀತು. ಆದ್ದರಿಂದ ವಕೀಲರೂ ಕಾರಕೂನರೂ ತಾರೀಖುಗಳನ್ನು ಬೇರೆ ಬೇರೆಯಾಗಿ ಬರೆದು ದಿನಾಲು ತಾಳೆ ನೋಡತಕ್ಕದ್ದು.

ಎರಡನೆಯದು ಹಣದ ವಹಿ. ಪಕ್ಷಕಾರರ ಹಣದ ಲೆಕ್ಕವನ್ನು ಪ್ರತ್ಯೇಕವಾಗಿಟ್ಟು, ಕೇಳಿದಾಗ ತೋರಿಸಬೇಕು. ಪಾಲುದಾರರಿದ್ದರೆ, 1932ರ ಕಾಯಿದೆಯಂತೆ ಕಚೇರಿಯ ವ್ಯವಹಾರದಲ್ಲಿ ಒಬ್ಬರು ಮಾಡಿದ ತಪ್ಪಿಗೆ ಎಲ್ಲರೂ ಹೊಣೆ.

ಮೂರನೆಯದು ಹೆಸರುಗಳ ವಹಿ. ಅಣ್ಣನ ಗುಟ್ಟನ್ನು ತಿಳಿದ ವಕೀಲರು ಅದೇ ಹೊಲದ ವ್ಯಾಜ್ಯದಲ್ಲಿ ತಮ್ಮನ ಪರವಾಗಿ ನಿಲ್ಲಲಾಗದು. ಹೊಸ ಕೆಲಸವನ್ನು ಹಿಡಿಯುವ ಮೊದಲು ಈ ವಹಿಯನ್ನು ತೆರೆಯಬೇಕು.

ವಕೀಲರು ಜಾಹೀರಾತು ಕೊಡುವದು ನಿಷಿದ್ಧ. ನಂಬಿಗಸ್ತಿಕೆಯೇ ಅವರ ಫಲಕ. ಪಾಲಕರೇ, ಮನೆಯ ಲೆಕ್ಕವನ್ನು ತಪ್ಪದೆ ಬರೆಯುವ ಮಗಳನ್ನು ಕಾಯಿದೆಯ ಶಿಕ್ಷಣಕ್ಕೆ ಕಳುಹಿಸಲು ಅಂಜಬೇಡಿರಿ.