ಲಾಲ್ ದರವಾಜೆಯಿಂದ ದಮಾಮಿಯವರೆಗೆ

ಅಹಮದಾಬಾದಿಗೆ ಬಂದ ಕನ್ನಡಿಗರು ಲಾಲ್ ದರವಾಜೆಯ ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲಂದ್ರವನ್ನು ಕಂಡು ಬೆರಗಾಗುವುದುಂಟು. 1573ರ ಸುಮಾರಿಗೆ ಅದನ್ನು ಕಟ್ಟಿಸಿದವನು ಆಫ್ರಿಕ ಮೂಲದ ಸಿದ್ದಿಯೆಂಬುದನ್ನು ಅರಿತವರು ಕೆಲವರೇ.

ವಡೋದರ ಮತ್ತು ಸೂರತ್ತಿನ ನಡುವೆ, ಭರೂಚ ಜಿಲ್ಲೆಯ ರತನಪುರದ ಬಾವಾ ಗೋರ್ ದರ್ಗಾದ ಬಳಿ ಇಂದಿಗೂ ಸಿದ್ದಿಗಳಿದ್ದಾರೆ. ಅವರ ಮನೆಮಾತು ಗುಜರಾತಿ. ಪೂರ್ವಜರ ನುಡಿ ಮರೆತುಹೋಗಿದೆ. ಆದರೂ ಡೋಲು ಬಾರಿಸಿ ಕುಣಿಯುವ ತಮ್ಮ ಕುಣಿತವನ್ನು 'ಗೋಮ' ಎನ್ನುತ್ತಾರೆ. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ 'ನ್ಗೋಮ' ಎಂದರೆ ಡೋಲೂ ಹೌದು, ಕುಣಿತವೂ ಹೌದು!

ನಮ್ಮ ಹೋಟೆಲಿನ ಹುಡುಗರು ಮೊಬೈಲಿನಲ್ಲಿ ಕೇಳುವ ಹಿಪ್-ಹಾಪ್ ಸಹ ಇದೇ ಬಳಗದ್ದು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕದಿಂದ ಬಂದ ಕೂಲ್ ಹರ್ಕ್ ಎಂಬ ತರುಣನು ಹಾಡುಗಳ ತಾಳದ ಭಾಗವನ್ನಷ್ಟೇ ಮತ್ತೆ ಮತ್ತೆ ನುಡಿಸಿ ಜನರನ್ನು ಕುಣಿಸಿದನು. ಆ ಬಗೆಯ ಹಾಡು ಮುಂದೆ ಕಡಲು ದಾಟಿ ಆಫ್ರಿಕಕ್ಕೇ ಮರಳಿ, ಸೆನೆಗಲ್ಲಿನ ಡಕಾರಿನಲ್ಲಿ ಅಲ್ಲಿಯ ವೊಲೊಫ್ ನುಡಿಯನ್ನು ತೊಟ್ಟುಕೊಂಡಿತು.

ಗೋಮಕ್ಕೆ ನಮ್ಮ ನಾಡಿನಲ್ಲಿಯೂ ನೆಂಟಸ್ತಿಕೆಯುಂಟು: ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳ ದಮಾಮಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಜನರ ಕಣ್ಣಿಗೆ ಮಾತ್ರ ಇನ್ನೂ ಪರದೇಶಿಗಳೇ. ಜನರೆಂದರೆ ಯಾರು? ನಾವೇ.

ಹಿಂದೊಮ್ಮೆ ಗುಂಗುರುಗೂದಲಿನ ತರುಣನೊಬ್ಬನು ಕೆಲಸ ಕೇಳಿ ಬಂದಾಗ, ಗಲ್ಲಾದಲ್ಲಿದ್ದ ನಾವು ಅವನೊಡನೆ ಹಿಂದಿಯಲ್ಲಿ ಮಾತಿಗೆ ತೊಡಗಿದೆವು. "ರಾಯರೇ, ನಾನು ಯಲ್ಲಾಪುರದವನು, ಕನ್ನಡದಲ್ಲೇ ಹೇಳಿ" ಎಂದನು. ನಾಚಿಕೆಯಾಯಿತು. ಆ ರಾತ್ರಿ ಖಾಲಿ ಎಣ್ಣೆಡಬ್ಬಿಯ ಮೇಲೆ ಅವನು ದಮಾಮಿಯ ಗತ್ತು ನುಡಿಸಿದಾಗ ನಮ್ಮ ಹುಡುಗರು ಮೊಬೈಲನ್ನು ಆರಿಸಿ ಸುತ್ತ ಕುಳಿತರು.