ನಿದ್ದೆ, ಉಪ್ಪು ಮತ್ತು ಲಿಥಿಯಂ

ಮದ್ದೂರು, ಮಳವಳ್ಳಿ ಕಡೆಯ ಮನೆಯೊಂದರಲ್ಲಿ ದುಡಿಯುವ ವಯಸ್ಸಿನ ಮಗ ಹಗಲೂ ರಾತ್ರಿ ಮಾತಾಡತೊಡಗಿ, ಆಲೆಮನೆ ಹಾಕುತ್ತೇನೆಂದು ಸಿಕ್ಕವರಲ್ಲೆಲ್ಲ ಸಾಲ ಎತ್ತಿದರೆ, ‘ಯಾರೋ ಮಾಟ ಮಾಡಿಸವ್ರೆ’ ಅನ್ನುತ್ತಾರೆ. ಕೆಲವು ತಿಂಗಳಾದ ಮೇಲೆ ಅವನೇ ಮೂಲೆ ಹಿಡಿದು ಮಲಗಿದರೆ ‘ಮೈಗಳ್ಳ’ ಎಂಬ ಹೆಸರು. ಮೊದಲನೆಯದು ಉನ್ಮಾದ, ಎರಡನೆಯದು ಖಿನ್ನತೆ. ಎರಡೂ ಬೈಪೋಲಾರ್ ಎಂಬ ಒಂದೇ ಕಾಯಿಲೆಯ ಅವಸ್ಥೆಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಇನ್ನೂರಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಇದಕ್ಕೆ ಸಿಲುಕುತ್ತಾರೆ. ಅವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ತಂದೆತಾಯಿ ಮೊದಲು ಗಮನಿಸಬೇಕಾದದ್ದು ನಿದ್ದೆ. ನಿದ್ದೆ ಬಾರದೆ ಒದ್ದಾಡುವುದು ಬೇರೆ. ಮೂರು ಗಂಟೆ ಮಲಗಿ ಕಿಂಚಿತ್ತೂ ದಣಿವಿಲ್ಲದೆ ಎದ್ದು ಓಡಾಡುವುದು ಬೇರೆ. ಎರಡನೆಯದು ಉನ್ಮಾದದ ಮುನ್ಸೂಚನೆ. ನಿದ್ದೆಗೇಡು ಉನ್ಮಾದವನ್ನು ಕೆರಳಿಸಲೂಬಲ್ಲದು. ಆದ್ದರಿಂದ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಗದ್ದೆಗೆ ನೀರು ಹಾಯಿಸುವ ಕೆಲಸವನ್ನು ಅಪ್ಪನೋ ತಮ್ಮನೋ ವಹಿಸಿಕೊಂಡರೆ ಅದೂ ಚಿಕಿತ್ಸೆಯ ಭಾಗವೇ.

ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದವನ್ನು ತಗ್ಗಿಸುವ ಲಿಥಿಯಂನ ಗುಣವನ್ನು ವರದಿ ಮಾಡಿದರು. ಇಂದಿಗೂ ಈ ಕಾಯಿಲೆಗೆ ಅದರಷ್ಟು ಭರವಸೆಯ ಔಷಧಿ ವಿರಳ. ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಸಣ್ಣದು. ಮೂತ್ರಪಿಂಡ ಲಿಥಿಯಂ ಅನ್ನು ಉಪ್ಪಿನಲ್ಲಿರುವ ಸೋಡಿಯಂನಂತೆಯೇ ನಿಭಾಯಿಸುತ್ತದೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲಲ್ಲಿ ಕಬ್ಬು ಕಡಿದು ಬೆವರು ಸುರಿಸುವುದು, ವಾಂತಿಭೇದಿ, ಯಾರದೋ ಮಾತು ಕೇಳಿ ಇದ್ದಕ್ಕಿದ್ದಂತೆ ಉಪ್ಪು ಬಿಡುವುದು ಎಲ್ಲವೂ ರಕ್ತದಲ್ಲಿ ಲಿಥಿಯಂ ಏರಿಸಬಲ್ಲವು. ಸೊಂಟನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಅಷ್ಟೇ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ಮಟ್ಟ ನೋಡಲು ಕೊನೆಯ ಮಾತ್ರೆ ನುಂಗಿದ ಹನ್ನೆರಡು ಗಂಟೆಯ ಬಳಿಕ ರಕ್ತ ಕೊಡಬೇಕು. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯೂ ಆಗಾಗ ಆಗುತ್ತಿರಬೇಕು.

ಖಿನ್ನತೆಯಲ್ಲಿದ್ದಾಗ ವೈದ್ಯರ ಬಳಿ ಹೋದರೆ ಹಿಂದಿನ ಉನ್ಮಾದದ ದಿನಗಳ ಸಂಗತಿಯನ್ನು ಮನೆಯವರು ತಪ್ಪದೆ ಹೇಳಲಿ. ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಏಳಬಹುದು. ಸಾಯುವ ಮಾತು ಬಂದರೆ ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕದ ಡಬ್ಬಿಗಳನ್ನು ಅಂದೇ ಬೇರೆಡೆಗೆ ಸಾಗಿಸಿ.

ಸದಾ ಹಂಗಿಸುವ, ಇಲ್ಲವೇ ಹೆಜ್ಜೆಹೆಜ್ಜೆಗೂ ಕಾಯುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆಂದು ಅಮೆರಿಕದ ಡೇವಿಡ್ ಮಿಕ್ಲೋವಿಟ್ಜ್ ಮೊದಲಾದವರ ಸಂಶೋಧನೆ ತೋರಿಸಿದೆ. ಉನ್ಮಾದದಲ್ಲಿರುವವನು ‘ನನಗೇನೂ ಆಗಿಲ್ಲ’ ಅನ್ನುವುದು ಹಟವಲ್ಲ, ಕಾಯಿಲೆಯ ಲಕ್ಷಣ. ಆಗ ವಾದಿಸಿ ಫಲವಿಲ್ಲ. ಮಾತಾಡಲು ತಕ್ಕ ಕಾಲವೆಂದರೆ ಅವನು ಚೆನ್ನಾಗಿರುವ ತಿಂಗಳುಗಳು. ನಿದ್ದೆ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು, ಎಟಿಎಂ ಕಾರ್ಡು, ಜಮೀನಿನ ಪತ್ರ ಯಾರ ಬಳಿ ಇರಬೇಕು ಎಂಬುದನ್ನು ಅವನ ಬಾಯಲ್ಲೇ ಕೇಳಿ ಬರೆದಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಒಪ್ಪುತ್ತದೆ: ತನಗೆ ಎಂಥ ಚಿಕಿತ್ಸೆ ಬೇಕು, ಬೇಡ ಎಂದು ವಯಸ್ಕ ಮೊದಲೇ ಬರೆದಿಡಬಹುದು, ತನ್ನ ಪರ ನಿಲ್ಲುವ ಪ್ರತಿನಿಧಿಯನ್ನು ಹೆಸರಿಸಬಹುದು. ಮಗ ದೊಡ್ಡವನು, ಅವನ ಕಾಯಿಲೆ ಅಪ್ಪ ಅಮ್ಮನ ಆಸ್ತಿಯಲ್ಲ.

‘ಒಂದು ಮದುವೆ ಮಾಡಿ, ಸರಿಹೋಗ್ತದೆ’ ಎಂಬ ಸಲಹೆಯನ್ನು ಮಾತ್ರ ಖಂಡಿತ ಕೇಳಬೇಡಿ. ಮದುವೆ ಔಷಧಿಯಲ್ಲ, ಮುಚ್ಚಿಟ್ಟು ಮಾಡಿದ ಮದುವೆ ಎರಡು ಮನೆಗೂ ಅನ್ಯಾಯ. ಕಾಯಿಲೆ ಹತೋಟಿಯಲ್ಲಿದ್ದು, ಎದುರಿನವರಿಗೆ ತಿಳಿಸಿ ಆದ ಮದುವೆಗೆ ಅಡ್ಡಿಯಿಲ್ಲ. ಕಾಯಿಲೆ ಮಗಳಿಗಿದ್ದು, ಅವಳು ಅದಕ್ಕೆ ಕೊಡುವ ವಾಲ್ಪ್ರೊಯೇಟ್ ಎಂಬ ಮಾತ್ರೆ ನುಂಗುತ್ತಿದ್ದರೆ ಬಸಿರಾಗುವ ಮೊದಲೇ ವೈದ್ಯರನ್ನು ಕಾಣಬೇಕು. ಆ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡೂ ಇದೆ. ಯಾವ ಮಂಗಳವಾರವೆಂದು ಮದ್ದೂರು, ಮಳವಳ್ಳಿಯ ಆಸ್ಪತ್ರೆಗಳಲ್ಲಿ ವಿಚಾರಿಸಿ. ರಾತ್ರಿ ಹೊತ್ತಿನಲ್ಲಿ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.